ಮನೆಯನ್ನು ಬೆಚ್ಚಗಿಡುವ ಗ್ಯಾಸ್ ಫರ್ನೇಸನ್ನು ನಾವೇ ಕೂರಿಸಿಕೊಳ್ಳಬಹುದೇ? ಅಪಾಯ ನಿಜವಾಗಿ ಇರುವುದೆಲ್ಲಿ?

ಡೆಟ್ರಾಯಿಟ್‌ವಾಸಿ

ಎಲ್ಲರಿಗೂ ನಮಸ್ಕಾರ. ಡೆಟ್ರಾಯಿಟ್ ಹೊರವಲಯದಲ್ಲಿ ನಮ್ಮ ಮನೆಯಿದೆ. 1960ರ ದಶಕದ ಕಟ್ಟಡ, ಕೆಳಗೆ ಬೇಸ್‌ಮೆಂಟ್. ಅಲ್ಲಿರುವ ನೈಸರ್ಗಿಕ ಅನಿಲದ ಫರ್ನೇಸ್ ಗಂಟೆಗೆ 1,00,000 ಬಿಟಿಯು (ಶಾಖವನ್ನು ಅಳೆಯುವ ಮಾನ) ಸಾಮರ್ಥ್ಯದ್ದು, ಶೇ. 80 ದಕ್ಷತೆಯ ಹಳೆಯ ಮಾದರಿ. ಚಳಿಗಾಲಕ್ಕೆ ಮುನ್ನ ಮಾಡಿಸಿದ ತಪಾಸಣೆಯಲ್ಲಿ ಅದರ ಹೀಟ್ ಎಕ್ಸ್‌ಚೇಂಜರ್ (ಉರಿಯ ಶಾಖವನ್ನು ಮನೆಯ ಗಾಳಿಗೆ ದಾಟಿಸುವ ಲೋಹದ ಭಾಗ) ಬಿರುಕು ಬಿಟ್ಟಿರುವುದು ಕಂಡುಬಂದು, ಬಂದಿದ್ದ ತಂತ್ರಜ್ಞರು ಅನಿಲದ ವಾಲ್ವ್ ಮುಚ್ಚಿ, ಕೆಂಪು ಚೀಟಿ ಅಂಟಿಸಿ ಹೋಗಿದ್ದಾರೆ. ಶೇ. 96 ದಕ್ಷತೆಯ ಹೊಸ ಯಂತ್ರವನ್ನು ಕೂರಿಸಲು ಕೊಟೇಶನ್ ತರಿಸಿ ನೋಡಿದರೆ, ಯಂತ್ರದ ಬೆಲೆಗಿಂತ ಕೂಲಿಯೇ ಹೆಚ್ಚು.

ವೃತ್ತಿಯಿಂದ ನಾನು ಮೆಕ್ಯಾನಿಕಲ್ ಇಂಜಿನಿಯರ್. ಮನೆಯ ತಾಮ್ರದ ಕೊಳವೆಗಳನ್ನು ಬೆಸುಗೆ ಹಾಕುವುದು, ವೈರಿಂಗ್ ಎಳೆಯುವುದು ಎಲ್ಲವನ್ನೂ ನಾನೇ ಮಾಡಿಕೊಂಡಿದ್ದೇನೆ. ಮಿಷಿಗನ್‌ನಲ್ಲಿ ಮಾಲೀಕನು ತಾನು ವಾಸಿಸುವ ಮನೆಗೆ ತಾನೇ ಮೆಕ್ಯಾನಿಕಲ್ ಪರ್ಮಿಟ್ ತೆಗೆದುಕೊಳ್ಳಲು ಅವಕಾಶವಿರುವುದರಿಂದ ಕಾನೂನಿನ ಅಡ್ಡಿಯೂ ಇಲ್ಲ. ಆದ್ದರಿಂದ ದಯವಿಟ್ಟು ‘ಮಾಡಬೇಡಿ’ ಎಂದು ಒಂದೇ ಮಾತಿನಲ್ಲಿ ಮುಗಿಸಬೇಡಿ. ಯಾವ ಹಂತದಲ್ಲಿ ತಪ್ಪಿದರೆ ಏನಾಗುತ್ತದೆ, ಅದು ನನಗೆ ತಿಳಿಯುವುದು ಹೇಗೆ ಎಂಬುದನ್ನು ಅನುಭವಿಗಳು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ. ನನಗಿರುವ ಮುಖ್ಯ ಭಯವೆಂದರೆ ಅನಿಲ ಸೋರಿ ಬೆಂಕಿ ಹತ್ತಿಕೊಳ್ಳುವುದು.

ಮಿನ್ನೆಸೋಟ ಮೆಕ್ಯಾನಿಕ್

ಡೆಟ್ರಾಯಿಟ್‌ವಾಸಿ ಅವರೇ, ನಾನು ಇದೇ ಕೆಲಸದಲ್ಲಿರುವವನು. ನಿಮ್ಮ ಭಯ ಸಹಜವಾದದ್ದೇ, ಆದರೆ ಅದು ಸರಿಯಾದ ಜಾಗದ ಮೇಲೆ ಬಿದ್ದಿಲ್ಲ. ಅನಿಲ ಸೋರಿಕೆಯ ಅಪಾಯ ದೊಡ್ಡದು ನಿಜ. ಆದರೆ ಅನಿಲಕ್ಕೆ ದುರ್ವಾಸನೆಯ ಮರ್‌ಕ್ಯಾಪ್ಟನ್ ಬೆರೆಸಿರುತ್ತಾರೆ, ಪ್ರತಿ ಜೋಡಣೆಗೂ ಸಾಬೂನು ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ಕಣ್ಣಾರೆ ನೋಡಬಹುದು, ಪರ್ಮಿಟ್ ತೆಗೆದುಕೊಂಡಿದ್ದರೆ ಇನ್ಸ್‌ಪೆಕ್ಟರೂ ಮೊದಲು ಅದನ್ನೇ ನೋಡುತ್ತಾರೆ. ಕೈಕೆಲಸ ಬಲ್ಲವರು ಅನಿಲದ ಪೈಪಿನ ವಿಷಯದಲ್ಲಿ ಹೆದರಿಕೆಯಿಂದಲೇ ಎಚ್ಚರಿಕೆ ವಹಿಸುತ್ತಾರೆ. ಅವರು ಎಡವುವುದು ಹೊಗೆ ಹೊರಗೆ ಹೋಗುವ ದಾರಿಯಲ್ಲಿ, ಏಕೆಂದರೆ ಹೊಗೆಯಲ್ಲಿರಬಹುದಾದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ, ಅಲ್ಲಿ ಗುಳ್ಳೆಯಿಲ್ಲ, ಯಂತ್ರವೂ ಏನೂ ಆಗದಂತೆ ಓಡುತ್ತಿರುತ್ತದೆ.

ನಿಮ್ಮ ಹಳೆಯ ಫರ್ನೇಸಿನ ಹೊಗೆ ಬಿಸಿಯಾಗಿರುವುದರಿಂದ ತನ್ನಷ್ಟಕ್ಕೆ ಚಿಮಣಿಯಲ್ಲಿ ಮೇಲೇರುತ್ತಿತ್ತು. ಶೇ. 96ರ ಯಂತ್ರ ಬೇರೆಯೇ ಜಾತಿಯದು. ಅದರಲ್ಲಿ ಎರಡನೆಯ ಹೀಟ್ ಎಕ್ಸ್‌ಚೇಂಜರ್ ಇದ್ದು, ಹೊಗೆಯಲ್ಲಿರುವ ನೀರಾವಿಯನ್ನೂ ತಣಿಸಿ ನೀರಾಗಿಸಿ ಆ ಶಾಖವನ್ನೂ ಉಳಿಸಿಕೊಳ್ಳುತ್ತದೆ. ಉಳಿದ ಉಗುರುಬೆಚ್ಚನೆಯ ಹೊಗೆಯನ್ನು ಪುಟ್ಟ ಫ್ಯಾನೊಂದು ಒತ್ತಡದಲ್ಲಿ ಪಿವಿಸಿ ಕೊಳವೆಯ ಮೂಲಕ ಗೋಡೆಯಾಚೆಗೆ ತಳ್ಳುತ್ತದೆ. ಒತ್ತಡದಲ್ಲಿ ಹೋಗುವುದರಿಂದ ಕೊಳವೆಯ ಒಂದು ಜೋಡಣೆ ಸಡಿಲವಾದರೂ ಹೊಗೆ ಮನೆಯೊಳಗೇ ಬರುತ್ತದೆ. ಪ್ರೈಮರ್ ಹಚ್ಚದೆ ಅಂಟಿಸಿದ, ಇಲ್ಲವೇ ಸುಮ್ಮನೆ ತೂರಿಸಿ ಅಂಟಿಸುವುದನ್ನು ಮರೆತ ಜೋಡಣೆಗಳನ್ನು ನಾನು ನೋಡಿದ್ದೇನೆ. ಕೊಳವೆಯು ಪ್ರತಿ ಅಡಿಗೆ ಕಾಲು ಅಂಗುಲದಂತೆ ಫರ್ನೇಸಿನ ಕಡೆಗೇ ಇಳಿಜಾರಾಗಿರಬೇಕು, ಆ ನೀರು ಚರಂಡಿಗೆ ಹೋಗುವ ದಾರಿಯೂ ಸರಿಯಿರಬೇಕು. ಅದು ಆಮ್ಲೀಯವಾದ ನೀರು, ಕಾಂಕ್ರೀಟನ್ನೂ ಕಬ್ಬಿಣವನ್ನೂ ನಿಧಾನವಾಗಿ ತಿನ್ನುತ್ತದೆ. ಇಳಿಜಾರು ತಪ್ಪಿ ನೀರು ನಡುವೆ ನಿಂತರೆ, ಅಥವಾ ಕೊಳವೆಯ ಹೊರತುದಿಯಲ್ಲಿ ಹೆಪ್ಪುಗಟ್ಟಿದರೆ, ಅತಿ ಚಳಿಯ ರಾತ್ರಿಯೇ ಯಂತ್ರ ನಿಂತುಹೋಗುತ್ತದೆ.

ಈಗ ನನ್ನದೊಂದು ಪ್ರಶ್ನೆ, ಇದೇ ಎಲ್ಲಕ್ಕಿಂತ ಮುಖ್ಯ. ನಿಮ್ಮ ನೀರು ಕಾಯಿಸುವ ವಾಟರ್ ಹೀಟರ್ ಕೂಡ ಅನಿಲದ್ದೇ? ಅದರ ಹೊಗೆಯೂ ಅದೇ ಇಟ್ಟಿಗೆಯ ಚಿಮಣಿಗೆ ಹೋಗುತ್ತದೆಯೇ?

ಡೆಟ್ರಾಯಿಟ್‌ವಾಸಿ

ಹೌದು, ಎರಡೂ ಒಂದೇ ಚಿಮಣಿಗೆ ಸೇರುತ್ತವೆ. ಹೀಟರ್ 40,000 ಬಿಟಿಯುವಿನದು, ಚೆನ್ನಾಗಿಯೇ ಇದೆ. ಅದನ್ನು ಮುಟ್ಟುವ ಯೋಚನೆಯೇ ನನಗಿರಲಿಲ್ಲ. ಚಿಮಣಿ ಮನೆಯ ಹೊರಗೋಡೆಗೆ ಅಂಟಿಕೊಂಡಿದೆ.

ಮಿನ್ನೆಸೋಟ ಮೆಕ್ಯಾನಿಕ್

ಇಷ್ಟರಲ್ಲೇ ನಿಮ್ಮ ಯೋಜನೆಯ ಅಪಾಯಕಾರಿ ಭಾಗ ಸಿಕ್ಕಿತು, ಮತ್ತು ಅದು ಫರ್ನೇಸಿನಲ್ಲಿಲ್ಲ. ಇಷ್ಟು ವರ್ಷ ಆ ಚಿಮಣಿಯನ್ನು ಬಿಸಿಯಾಗಿ ಇಟ್ಟದ್ದು ಫರ್ನೇಸಿನ ಬಿಸಿ ಹೊಗೆ. ಹೊಸ ಯಂತ್ರ ಪಿವಿಸಿಗೆ ಹೋದ ದಿನದಿಂದ ಅಷ್ಟು ದೊಡ್ಡ ಇಟ್ಟಿಗೆಯ ಗೂಡಿಗೆ ಹೀಟರಿನ ಅಲ್ಪ ಹೊಗೆ ಮಾತ್ರ ಉಳಿಯುತ್ತದೆ. ಮಲೆನಾಡಿನ ಮನೆಗಳಲ್ಲಿ ತಣ್ಣಗಿರುವ ಬಚ್ಚಲೊಲೆಗೆ ಬೆಳಗಿನ ಮೊದಲ ಬೆಂಕಿ ಹಾಕಿದಾಗ ಹೊಗೆ ಮೇಲೇರದೆ ಕೋಣೆಗೇ ತಿರುಗುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ವ್ಯತ್ಯಾಸವೆಂದರೆ ಸೌದೆಯ ಹೊಗೆ ಕಣ್ಣುರಿಸಿ ನಮ್ಮನ್ನು ಎಬ್ಬಿಸುತ್ತದೆ, ಅನಿಲದ ಹೊಗೆ ಎಬ್ಬಿಸುವುದಿಲ್ಲ. ಹೀಟರಿನ ತಲೆಯ ಮೇಲಿರುವ ಡ್ರಾಫ್ಟ್ ಹುಡ್‌ನ ತೆರೆದ ಬಾಯಿಯಿಂದ ಅದು ಬೇಸ್‌ಮೆಂಟಿಗೆ ಹರಿಯುತ್ತದೆ. ಜೊತೆಗೆ ತಣ್ಣನೆಯ ಇಟ್ಟಿಗೆಯ ಮೇಲೆ ನೀರಾವಿ ಹನಿಗಟ್ಟಿ ಗಾರೆ ಉದುರಿ, ಕೆಲವು ವರ್ಷಗಳಲ್ಲಿ ಚಿಮಣಿಯೇ ಕಟ್ಟಿಕೊಳ್ಳಬಹುದು. ನಮ್ಮ ಕಸುಬಿನಲ್ಲಿ ಇಂಥ ಹೀಟರನ್ನು ಅನಾಥ ಹೀಟರ್ ಎನ್ನುತ್ತೇವೆ.

ಇದಕ್ಕೆ ಪರಿಹಾರವಿದೆ: ಚಿಮಣಿಯೊಳಗೆ ಹೀಟರಿನ ಅಳತೆಗೆ ಸರಿಯಾದ ಲೋಹದ ಲೈನರ್ (ಒಳಕೊಳವೆ) ಇಳಿಸುವುದು, ಇಲ್ಲವೇ ಹೀಟರನ್ನೇ ವಿದ್ಯುತ್ತಿನದಕ್ಕೋ ಫ್ಯಾನ್ ಇರುವ ಮಾದರಿಗೋ ಬದಲಾಯಿಸುವುದು. ಹೊಸ ಫರ್ನೇಸಿನ ಪುಸ್ತಿಕೆಯನ್ನು ಅಕ್ಷರಶಃ ಪಾಲಿಸಿದರೂ ಚಿಮಣಿಯಲ್ಲಿ ಒಂಟಿಯಾಗಿ ಉಳಿದ ಹೀಟರಿಗೆ ಯಾವ ಅಳತೆಯ ಲೈನರ್ ಬೇಕೆಂಬುದು ನಿಮಗೆ ತಿಳಿಯುವುದಿಲ್ಲ. ಅದನ್ನು ಎನ್‌ಎಫ್‌ಪಿಎ 54 ಎಂಬ ಇಂಧನಾನಿಲ ಸಂಹಿತೆಯ ಕೋಷ್ಟಕಗಳಲ್ಲಿ ಹುಡುಕಬೇಕು.

ಓಹಾಯೊ ಕೈಗಾರ

ಮೆಕ್ಯಾನಿಕ್ ಅವರ ಮಾತನ್ನು ಒಪ್ಪುತ್ತೇನೆ, ಆದರೆ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ನಮ್ಮ ಊರಿನ ಕಟ್ಟಡ ವಿಭಾಗದಿಂದ ಪರ್ಮಿಟ್ ತೆಗೆದುಕೊಂಡು ನಾನೇ ಫರ್ನೇಸ್ ಬದಲಾಯಿಸಿದ್ದೇನೆ. ಇನ್ಸ್‌ಪೆಕ್ಟರ್ ಬಂದು ನೋಡಿ ಒಪ್ಪಿಗೆ ಕೊಟ್ಟರು, ಹಲವು ಚಳಿಗಾಲಗಳಿಂದ ಅದು ಸರಿಯಾಗಿ ನಡೆಯುತ್ತಿದೆ. ಲೈಸೆನ್ಸ್ ಇರುವವರೆಲ್ಲ ಸರಿಯಾಗಿ ಮಾಡುತ್ತಾರೆ ಎಂಬ ನಂಬಿಕೆ ನನಗಿಲ್ಲ. ಈ ಮನೆಯ ಹಿಂದಿನ ಮಾಲೀಕರು ದುಡ್ಡು ಕೊಟ್ಟು ಮಾಡಿಸಿದ್ದ ಹಳೆಯ ಫರ್ನೇಸನ್ನು ಬಿಚ್ಚಿದಾಗ ಅದಕ್ಕೆ ಕಸ ಹಿಡಿಯುವ ಸೆಡಿಮೆಂಟ್ ಟ್ರ್ಯಾಪೇ ಇರಲಿಲ್ಲ, ಅನಿಲದ ಮೆತು ಕೊಳವೆಯನ್ನು ಯಂತ್ರದ ತಗಡಿನ ತೂತಿನ ಮೂಲಕ ಒಳಗೆ ತೂರಿಸಿದ್ದರು. ಕಂಪನಕ್ಕೆ ತಗಡಿನ ಅಂಚು ಆ ಕೊಳವೆಯನ್ನು ಕೊಯ್ಯುತ್ತದೆಂಬ ಕಾರಣಕ್ಕೇ ಹಾಗೆ ಮಾಡಬಾರದೆಂಬ ನಿಯಮವಿದೆ. ತಗಡನ್ನು ದಾಟುವವರೆಗೆ ಗಟ್ಟಿ ಕಬ್ಬಿಣದ ಪೈಪೇ ಇರಬೇಕು. ದಿನಕ್ಕೆ ಎರಡು ಮನೆ ಮುಗಿಸಬೇಕಾದ ಕೆಲಸಗಾರನಿಗಿಂತ ತನ್ನ ಮಕ್ಕಳು ಮಲಗುವ ಮನೆಗೆ ಕೆಲಸ ಮಾಡುವವನು ಹೆಚ್ಚು ನಿಧಾನಿಸುತ್ತಾನೆ ಎಂಬುದನ್ನು ಮರೆಯಬಾರದು.

ವಿದ್ಯುತ್ತಿನ ವಿಷಯದಲ್ಲಿ ಒಂದು ಸೂಚನೆ. ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾದರೆ, ಇಲ್ಲವೇ ಅರ್ಥಿಂಗ್ ಸರಿಯಿಲ್ಲದಿದ್ದರೆ, ಬಲ್ಬು ಉರಿಯುತ್ತದೆ, ಫರ್ನೇಸ್ ಉರಿಯುವುದಿಲ್ಲ. ಜ್ವಾಲೆ ಹೊತ್ತಿದೆಯೇ ಎಂದು ಯಂತ್ರ ಅರಿಯುವುದು ಜ್ವಾಲೆಯ ಮೂಲಕ ಹರಿದು ಅರ್ಥಿಂಗಿಗೆ ಸೇರುವ ಕೆಲವೇ ಮೈಕ್ರೋ ಆಂಪಿಯರ್ ವಿದ್ಯುತ್ತಿನಿಂದ. ಹೊತ್ತಿಕೊಂಡು ಕೆಲವೇ ಸೆಕೆಂಡುಗಳಲ್ಲಿ ಆರಿಹೋಗುತ್ತಿದ್ದರೆ ಅಲ್ಲಿಂದ ಹುಡುಕಲು ಆರಂಭಿಸಿ. ಯಂತ್ರದ ಬಾಗಿಲಿನ ಸುರಕ್ಷತಾ ಸ್ವಿಚ್ಚಿಗೆ ಟೇಪು ಸುತ್ತಿ ಪರೀಕ್ಷಿಸಿ, ಆಮೇಲೆ ಹಾಗೆಯೇ ಬಿಡುವ ಅಭ್ಯಾಸವನ್ನಂತೂ ಯಾರೂ ಇಟ್ಟುಕೊಳ್ಳಬೇಡಿ.

ಮಿನ್ನೆಸೋಟ ಮೆಕ್ಯಾನಿಕ್

ಓಹಾಯೊ ಅವರೇ, ಕೆಟ್ಟದಾಗಿ ಮಾಡುವ ಲೈಸೆನ್ಸುದಾರರು ಇದ್ದಾರೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅಂಥವರ ಕೆಲಸವನ್ನು ಸರಿಪಡಿಸುವುದರಿಂದಲೂ ನನ್ನ ಅನ್ನ ಹುಟ್ಟುತ್ತದೆ. ಆದರೆ ಒಂದು ಪ್ರಶ್ನೆಗೆ ನೇರವಾಗಿ ಉತ್ತರಿಸಿ. ನಿಮ್ಮ ಫರ್ನೇಸಿನ ಮ್ಯಾನಿಫೋಲ್ಡ್ ಒತ್ತಡ, ಅಂದರೆ ಬರ್ನರಿಗೆ ಹೋಗುವ ಅನಿಲದ ಒತ್ತಡ, ಎಷ್ಟಿದೆ? ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಷ್ಟು ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು) ಇದೆ? ಬಿಸಿಗಾಳಿ ಹರಿಯುವ ಡಕ್ಟಿನ ಸ್ಟ್ಯಾಟಿಕ್ ಒತ್ತಡ, ಅಂದರೆ ಗಾಳಿಯ ಹರಿವಿಗೆ ಇರುವ ತಡೆ, ಎಷ್ಟು?

ಯಂತ್ರ ಹೊತ್ತಿಕೊಂಡಿತು, ಮನೆ ಬೆಚ್ಚಗಾಯಿತು ಎಂಬುದನ್ನು ಕೆಲಸ ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಾಗಿ ತೆಗೆದುಕೊಳ್ಳುವುದೇ ನನ್ನ ಪ್ರಕಾರ ಸ್ವಂತ ಜೋಡಣೆಯ ಮೂಲ ಅಪಾಯ. ಮನೆಗೆ ಬರುವ ನೈಸರ್ಗಿಕ ಅನಿಲದ ಒತ್ತಡ ಸಾಮಾನ್ಯವಾಗಿ 7 ಅಂಗುಲ ನೀರಿನ ಮಟ್ಟದಷ್ಟು, ಅಂದರೆ ಕಾಲು ಪಿಎಸ್‌ಐ. ಬರ್ನರಿಗೆ ಹೋಗುವ ಮೊದಲು ಗ್ಯಾಸ್ ವಾಲ್ವ್ ಅದನ್ನು ಸುಮಾರು 3.5 ಅಂಗುಲಕ್ಕೆ ಇಳಿಸುತ್ತದೆ. ಪ್ರೊಪೇನ್ ಆದರೆ ಸುಮಾರು 10 ಅಂಗುಲ, ಮತ್ತು ಅದಕ್ಕೆ ಸಣ್ಣ ತೂತಿನ ಬೇರೆ ಆರಿಫಿಸ್‌ಗಳು (ಬರ್ನರಿಗೆ ಅನಿಲ ಬಿಡುವ ನಳಿಕೆಗಳು) ಬೇಕು. ನೈಸರ್ಗಿಕ ಅನಿಲಕ್ಕೆಂದು ಬಂದ ಯಂತ್ರವನ್ನು ಹಳ್ಳಿಗಾಡಿನ ಮನೆಯ ಪ್ರೊಪೇನ್ ಟ್ಯಾಂಕಿಗೆ ಹಾಗೆಯೇ ಜೋಡಿಸಿದರೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಇಂಧನ ಒಳಗೆ ನುಗ್ಗಿ, ಮಸಿ ಕಟ್ಟಿ, ಮಾನಾಕ್ಸೈಡ್ ಧಾರಾಳವಾಗಿ ಹುಟ್ಟುತ್ತದೆ. ಆಗಲೂ ಮನೆ ಬೆಚ್ಚಗೇ ಇರುತ್ತದೆ! ಮ್ಯಾನೋಮೀಟರ್ ಇಲ್ಲದೆ ಈ ಒತ್ತಡವನ್ನು ನೋಡುವ ದಾರಿಯಿಲ್ಲ. ಬೇರೆಲ್ಲ ಅನಿಲದ ಉಪಕರಣಗಳನ್ನು ಆರಿಸಿ, ಮೀಟರಿನಲ್ಲಿ ಒಂದು ಘನ ಅಡಿ ಅನಿಲ ಸಾಗಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುವುದು ಇನ್ನೊಂದು ತಾಳೆ: ಘನ ಅಡಿಗೆ ಸುಮಾರು 1,000 ಬಿಟಿಯು ಎಂದುಕೊಂಡರೆ 1,00,000 ಬಿಟಿಯುವಿನ ಯಂತ್ರಕ್ಕೆ 36 ಸೆಕೆಂಡು ಬರಬೇಕು. ಇದನ್ನು ಕೈಗಡಿಯಾರವಿರುವ ಯಾರಾದರೂ ಮಾಡಬಹುದು, ಆದರೂ ಹೆಚ್ಚಿನವರು, ಲೈಸೆನ್ಸುದಾರರೂ ಸೇರಿ, ಮಾಡುವುದಿಲ್ಲ.

ಇನ್ನು ಅಳತೆಯ ವಿಷಯ. ‘ಹಳೆಯದು 1,00,000, ಹೊಸದೂ 1,00,000 ಇರಲಿ’ ಎನ್ನುವುದು ಎಲ್ಲರೂ ಮಾಡುವ ಲೆಕ್ಕ. ಹಳೆಯ ಯಂತ್ರ ಮನೆಗೆ ಕೊಡುತ್ತಿದ್ದುದು 80,000 ಬಿಟಿಯು. ಹೊಸದು 96,000 ಕೊಡುತ್ತದೆ. ಗಾಳಿಯ ತಾಪವನ್ನು 50 ಡಿಗ್ರಿ ಫ್ಯಾರನ್‌ಹೀಟ್ ಏರಿಸುವುದಾದರೆ, ಹಳೆಯದಕ್ಕೆ ನಿಮಿಷಕ್ಕೆ ಸುಮಾರು 1,480 ಘನ ಅಡಿ ಗಾಳಿ ಸಾಕಿತ್ತು, ಹೊಸದಕ್ಕೆ ಸುಮಾರು 1,780 ಬೇಕು. ನಿಮ್ಮ 1960ರ ದಶಕದ ಡಕ್ಟುಗಳು ಅಷ್ಟನ್ನು ಹೊರುವುದಿಲ್ಲ. ಗಾಳಿ ಸಾಲದೆ ಹೀಟ್ ಎಕ್ಸ್‌ಚೇಂಜರ್ ಅತಿಯಾಗಿ ಕಾದು, ಅತಿ ಶಾಖಕ್ಕೆ ಬರ್ನರ್ ಆರಿಸುವ ಲಿಮಿಟ್ ಸ್ವಿಚ್ ಮತ್ತೆಮತ್ತೆ ಕಡಿದು, ಕಾಯುವುದು ತಣಿಯುವುದು ನಡೆದೇ ಲೋಹ ದಣಿದು ಬಿರುಕು ಬಿಡುತ್ತದೆ. ನಿಮ್ಮ ಹಳೆಯ ಯಂತ್ರದ ಬಿರುಕಿಗೂ ಇದೇ ಕಾರಣವಿರಬಹುದೇ ಎಂದು ಒಮ್ಮೆ ಯೋಚಿಸಿ. ಮನೆಯ ಗೋಡೆ, ಕಿಟಕಿ, ನಿರೋಧಕಗಳನ್ನು ಲೆಕ್ಕಕ್ಕೆ ಹಿಡಿಯುವ ಮ್ಯಾನ್ಯುಯಲ್ ಜೆ ಎಂಬ ವಿಧಾನವಿದೆ. ಅದನ್ನು ಮಾಡಿದರೆ 60,000 ಅಥವಾ 80,000ದ ಯಂತ್ರವೇ ಸಾಕೆಂದು ಬಂದರೆ ನನಗೆ ಆಶ್ಚರ್ಯವಾಗುವುದಿಲ್ಲ. ಇಂಜಿನಿಯರಾದ ನಿಮಗೆ ಈ ಲೆಕ್ಕ ಕಷ್ಟವಲ್ಲ. ನಿಮ್ಮ ವಿದ್ಯೆ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ.

ಓಹಾಯೊ ಕೈಗಾರ

ನೇರವಾಗಿಯೇ ಉತ್ತರಿಸುತ್ತೇನೆ. ಮ್ಯಾನೋಮೀಟರ್ ಕೊಂಡಿದ್ದೆ, ಮ್ಯಾನಿಫೋಲ್ಡ್ 3.5 ಇದೆ. ಸ್ಟ್ಯಾಟಿಕ್ ಒತ್ತಡವನ್ನೂ ನೋಡಿದ್ದೇನೆ, ಯಂತ್ರದ ಫಲಕದಲ್ಲಿ ಹೇಳಿರುವ 0.5 ಅಂಗುಲದೊಳಗೇ ಇದೆ. ಹೊಗೆಯನ್ನು ಪರೀಕ್ಷಿಸುವ ಕಂಬಶ್ಚನ್ ಅನಲೈಜರ್ ಮಾತ್ರ ನನ್ನ ಬಳಿ ಇಲ್ಲ. ಅದಕ್ಕೆಂದೇ ಒಬ್ಬ ತಂತ್ರಜ್ಞರನ್ನು ಹಣ ಕೊಟ್ಟು ಕರೆಸಿ ಅಂಕಿಗಳನ್ನು ಬರೆಸಿಕೊಂಡೆ. ಆದ್ದರಿಂದ ನನ್ನ ವಾದ ಇಷ್ಟೇ: ಅಳೆಯುವ ಮನಸ್ಸಿರುವವನು ಮಾಡಬಹುದು. ಅಳೆಯದವನು ಲೈಸೆನ್ಸ್ ಇದ್ದರೂ ಮಾಡಬಾರದು.

ಟೊರೊಂಟೊ ತುಂಗೆ

ಇಲ್ಲಿ ಬರೆಯುತ್ತಿರುವವರೆಲ್ಲ ಒಂದೇ ದೇಶದಲ್ಲಿಲ್ಲ ಎಂಬುದನ್ನು ನೆನಪಿಸಬಯಸುತ್ತೇನೆ. ಕೆನಡಾದ ಒಂಟಾರಿಯೊದಲ್ಲಿ ಈ ಚರ್ಚೆಗೆ ಎಡೆಯೇ ಇಲ್ಲ: ಇಲ್ಲಿನ ಸುರಕ್ಷತಾ ಪ್ರಾಧಿಕಾರವಾದ ಟಿಎಸ್‌ಎಸ್‌ಎಯಲ್ಲಿ ನೋಂದಾಯಿತರಾದ ಗುತ್ತಿಗೆದಾರರ ಮೂಲಕ, ಪ್ರಮಾಣಪತ್ರವಿರುವ ಗ್ಯಾಸ್ ಟೆಕ್ನೀಶಿಯನ್ನರೇ ಮಾಡಬೇಕು. ಮ್ಯಾಸಚೂಸೆಟ್ಸ್‌ನಲ್ಲಿಯೂ ಅನಿಲದ ಕೆಲಸ ಲೈಸೆನ್ಸುದಾರರಿಗೆ ಮಾತ್ರ ಎಂದು ಕೇಳಿದ್ದೇನೆ. ಆದ್ದರಿಂದ ಮಿಷಿಗನ್ನಿನವರಿಗೆ ಕೊಟ್ಟ ಸಲಹೆಯನ್ನು ಓದಿ ಒಂಟಾರಿಯೊದ ಬ್ರಾಂಪ್ಟನ್ನಿನಲ್ಲಿರುವ ಯಾರೂ ಸ್ಪ್ಯಾನರ್ ಕೈಗೆತ್ತಿಕೊಳ್ಳಬಾರದು.

ಬಾಸ್ಟನ್ ಭಟ್ಟ

ತುಂಗೆಯವರು ಕೇಳಿರುವುದು ನಿಜ. ನಾನು ಮನೆ ಮಾರಾಟದ ಸಮಯದಲ್ಲಿ ತಪಾಸಣೆ ಮಾಡುವವನು. ಜೋಡಿಸುವವನಲ್ಲ, ಜೋಡಿಸಿದ್ದನ್ನು ನೋಡುವವನು. ಸ್ವಂತ ಕೆಲಸದ ಗುರುತು ನನಗೆ ಹೆಚ್ಚಾಗಿ ಸಿಗುವುದು ಮನೆಯ ಹೊರಗೆ, ಪಿವಿಸಿ ಕೊಳವೆಯ ತುದಿಯಲ್ಲಿ. ಮರದ ಡೆಕ್ಕಿನ ಅಡಿಯಲ್ಲಿ, ತೆರೆಯುವ ಕಿಟಕಿಯ ಪಕ್ಕದಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ನೆಲಕ್ಕೆ ತೀರ ಹತ್ತಿರದಲ್ಲಿ. ನೆಲದಿಂದ 12 ಅಂಗುಲ ಎಂದು ಓದಿ ಅಷ್ಟಕ್ಕೇ ಇಡುತ್ತಾರೆ. ಹಿಮ ಬೀಳುವ ಊರಿನಲ್ಲಿ ಆ ಅಳತೆಯನ್ನು ನೆಲದಿಂದಲ್ಲ, ನಿರೀಕ್ಷಿತ ಹಿಮದ ಮಟ್ಟದಿಂದ ಹಿಡಿಯಬೇಕು. 2014–15ರ ಚಳಿಗಾಲದಲ್ಲಿ ಬಾಸ್ಟನ್ನಿನಲ್ಲಿ 110 ಅಂಗುಲಕ್ಕೂ ಹೆಚ್ಚು ಹಿಮ ಬಿದ್ದಿತ್ತು. 2005ರ ಜನವರಿಯ ಹಿಮಪಾತದಲ್ಲಿ ಪ್ಲಿಮತ್ ಊರಿನ ಮನೆಯೊಂದರ ಹೊಗೆಕೊಳವೆ ಹಿಮದಲ್ಲಿ ಹೂತುಹೋಗಿ 7 ವರ್ಷದ ಬಾಲಕಿಯೊಬ್ಬಳು ಮಾನಾಕ್ಸೈಡಿನಿಂದ ತೀರಿಕೊಂಡಳು. ಮನೆಗಳಲ್ಲಿ ಮಾನಾಕ್ಸೈಡ್ ಅಲಾರಂ ಕಡ್ಡಾಯ ಮಾಡಿದ ನಮ್ಮ ರಾಜ್ಯದ ‘ನಿಕೋಲ್ಸ್ ಲಾ’ ಬಂದದ್ದು ಆ ಸಾವಿನ ನಂತರ. ಗೋಡೆಯ ಕೆಳಭಾಗದಲ್ಲಿ ಹೊಗೆಕೊಳವೆ ಇರುವ ಕಡೆ, ಹಿಮದ ಮೇಲೂ ಕಾಣುವಂತೆ 8 ಅಡಿ ಎತ್ತರದಲ್ಲಿ ಎಚ್ಚರಿಕೆಯ ಫಲಕ ಹಾಕಬೇಕೆಂಬ ನಿಯಮವೂ ಇಲ್ಲಿದೆ. ಬೇರೆ ರಾಜ್ಯದಲ್ಲಿ ಕಡ್ಡಾಯವಿಲ್ಲದಿದ್ದರೂ ಹಾಕಿಕೊಂಡರೆ ನಷ್ಟವೇನಿಲ್ಲ.

ಹಳೆಯ ಮನೆಯವರಿಗೆ ಇನ್ನೊಂದು ಮಾತು. ಡಕ್ಟಿನ ಜೋಡಣೆಗಳ ಮೇಲೆ ಬಿಳಿ, ಬಟ್ಟೆಯಂಥ ಪಟ್ಟಿ ಸುತ್ತಿದ್ದರೆ ಅದರಲ್ಲಿ ಆಸ್ಬೆಸ್ಟಾಸ್ ಇರುವ ಸಂಭವವಿದೆ. 1980ಕ್ಕಿಂತ ಹಿಂದಿನ ಮನೆಗಳಲ್ಲಿ ಇದು ಸಾಮಾನ್ಯ. ಹಳೆಯ ಫರ್ನೇಸನ್ನು ಕಿತ್ತು ತೆಗೆಯುವಾಗ ಅದನ್ನು ಹರಿದು, ಕೆರೆದು, ಆಮೇಲೆ ಬ್ಲೋವರ್ ಹಾಕಿದರೆ ನಾರು ಮನೆಯೆಲ್ಲ ಹರಡುತ್ತದೆ. ಬಿಚ್ಚುವ ಮೊದಲು ಪ್ರಯೋಗಾಲಯಕ್ಕೆ ಮಾದರಿ ಕಳಿಸಿ. ಹಾಗೆಯೇ ಫರ್ನೇಸಿನ ಮೇಲೆ ಏರ್ ಕಂಡೀಷನರಿನ ಕಾಯಿಲ್ ಕುಳಿತಿದ್ದರೆ, ಅದರ ತಾಮ್ರದ ಕೊಳವೆಯನ್ನು ಕತ್ತರಿಸಿ ಶೀತಕವನ್ನು ಗಾಳಿಗೆ ಬಿಡುವುದು ಒಕ್ಕೂಟ ಕಾನೂನಿನ ಪ್ರಕಾರ ಅಪರಾಧ. ಪರಿಸರ ಸಂರಕ್ಷಣಾ ಸಂಸ್ಥೆಯ (ಇಪಿಎ) 608 ಪ್ರಮಾಣಪತ್ರ ಇದ್ದವರೇ ಅದನ್ನು ಮುಟ್ಟಬೇಕು. ಮನೆಗೆ ಪರ್ಮಿಟ್ ತೆಗೆದುಕೊಳ್ಳುವ ಹಕ್ಕು ಇದಕ್ಕೆ ಅನ್ವಯಿಸುವುದಿಲ್ಲ.

ಷಿಕಾಗೊ ವೈದ್ಯೆ

ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುವವಳಾಗಿ ಕೆಲವು ಮಾತು ಸೇರಿಸುತ್ತೇನೆ. ಅಮೆರಿಕದಲ್ಲಿ ಬೆಂಕಿ ಅನಾಹುತಗಳನ್ನು ಬಿಟ್ಟು, ಆಕಸ್ಮಿಕ ಮಾನಾಕ್ಸೈಡ್ ವಿಷಪ್ರಾಶನದಿಂದಲೇ ವರ್ಷಕ್ಕೆ 400ಕ್ಕೂ ಹೆಚ್ಚು ಜನ ಸಾಯುತ್ತಾರೆ, 1,00,000ಕ್ಕೂ ಹೆಚ್ಚು ಜನ ತುರ್ತು ಚಿಕಿತ್ಸೆಗೆ ಬರುತ್ತಾರೆ ಎಂದು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಹೇಳುತ್ತದೆ. ಈ ಅನಿಲ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಹಿಮೋಗ್ಲೋಬಿನ್ನನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ಸುಸ್ತು, ಮಂಕು ಇದರ ಲಕ್ಷಣಗಳು. ಚಳಿಗಾಲದಲ್ಲಿ ಇದನ್ನು ಫ್ಲೂ ಎಂದುಕೊಂಡು ಕಿಟಕಿ ಮುಚ್ಚಿ, ಹೊದ್ದು ಮಲಗುವವರೇ ಹೆಚ್ಚು. ಜ್ವರವಿಲ್ಲದೆ ಮನೆಯವರಿಗೆಲ್ಲ ಒಟ್ಟಿಗೇ ತಲೆನೋವು ಬಂದರೆ, ಹೊರಗೆ ಹೋದಾಗ ಕಡಿಮೆಯಾಗಿ ಮನೆಗೆ ಬಂದಾಗ ಮರುಕಳಿಸಿದರೆ, ಅದನ್ನು ಮಾನಾಕ್ಸೈಡ್ ಎಂದೇ ಭಾವಿಸಿ ಹೊರಗೆ ಬನ್ನಿ, ಹೊರಗಿನಿಂದ 911ಕ್ಕೆ ಕರೆ ಮಾಡಿ.

ಕೋವಿಡ್ ಕಾಲದಲ್ಲಿ ಎಲ್ಲರ ಮನೆಗೂ ಬಂದ ಬೆರಳಿನ ಪಲ್ಸ್ ಆಕ್ಸಿಮೀಟರನ್ನು ಈ ವಿಷಯದಲ್ಲಿ ನಂಬಬೇಡಿ. ಮಾನಾಕ್ಸೈಡ್ ಹಿಡಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ಓದಿ ಸಂಖ್ಯೆಯನ್ನು ಸಹಜವಾಗಿ ತೋರಿಸುತ್ತದೆ. ಮನೆಯಲ್ಲಿ ಗರ್ಭಿಣಿಯರಿದ್ದರೆ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು, ಭ್ರೂಣಕ್ಕಾಗುವ ಹಾನಿ ತಾಯಿಗಿಂತ ಹೆಚ್ಚಿರಬಹುದು. ಬಾಣಂತನಕ್ಕೆಂದು ಊರಿನಿಂದ ಬಂದ ಅಮ್ಮ, ಅತ್ತೆಯರನ್ನು ಬೇಸ್‌ಮೆಂಟಿನ ಕೋಣೆಯಲ್ಲಿ ಮಲಗಿಸುವುದು ನಮ್ಮ ಮನೆಗಳಲ್ಲಿ ರೂಢಿ. ಆ ಕೋಣೆಯ ಹತ್ತಿರ ಅಲಾರಂ ಇದೆಯೇ ಎಂದು ಇಂದೇ ನೋಡಿ.

ಅಲಾರಂ ಇದ್ದರೆ ಎಲ್ಲ ಮುಗಿಯಿತು ಎಂದೂ ಅಲ್ಲ. ಅಮೆರಿಕದ ಮಾನಕದ ಪ್ರಕಾರ ಅದು 70 ಪಿಪಿಎಂ ಇದ್ದಾಗ 1ರಿಂದ 4 ಗಂಟೆಯೊಳಗೆ ಕೂಗಿದರೆ ಸಾಕು. 400 ಪಿಪಿಎಂ ಇದ್ದಾಗ 4ರಿಂದ 15 ನಿಮಿಷದೊಳಗೆ ಕೂಗಬೇಕು. ಇಡೀ ಚಳಿಗಾಲ 25 ಪಿಪಿಎಂ ಸೋರುವ ಮನೆಯಲ್ಲಿ ಅದು ಬಾಯಿ ಬಿಡುವುದೇ ಇಲ್ಲ.

ಜಯನಗರ ಓದುಗ

ನಾನು ಬೆಂಗಳೂರಿನಿಂದ ಓದುತ್ತಿದ್ದೇನೆ. ನಮಗೆ ಫರ್ನೇಸ್ ಇಲ್ಲ, ಆದರೆ ವೈದ್ಯೆಯವರು ಹೇಳಿದ್ದೆಲ್ಲ ನಮ್ಮ ಸ್ನಾನದ ಮನೆಯ ಗ್ಯಾಸ್ ಗೀಸರಿಗೂ ಅನ್ವಯಿಸುತ್ತದೆಯಲ್ಲವೇ? ಚಳಿಗಾಲದಲ್ಲಿ ಇಂಥ ಸಾವುಗಳ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಹೆಚ್ಚಿನ ಕಡೆ ಪ್ಲಂಬರೋ ಅಂಗಡಿಯ ಹುಡುಗನೋ ಬಂದು ಕೂರಿಸಿ ಹೋಗುತ್ತಾರೆ.

ಮಿನ್ನೆಸೋಟ ಮೆಕ್ಯಾನಿಕ್

ಖಂಡಿತ ಅನ್ವಯಿಸುತ್ತದೆ, ಇನ್ನೂ ಹೆಚ್ಚಿನ ತೀವ್ರತೆಯಿಂದ. ಫರ್ನೇಸಿಗೆ ಕನಿಷ್ಠ ಒಂದು ಬೇಸ್‌ಮೆಂಟಿನಷ್ಟು ಗಾಳಿ ಇರುತ್ತದೆ. ಬಾಗಿಲು ಕಿಟಕಿ ಮುಚ್ಚಿದ ಪುಟ್ಟ ಸ್ನಾನದ ಮನೆಯಲ್ಲಿ ಗೀಸರ್ ಅಲ್ಲಿರುವ ಆಮ್ಲಜನಕವನ್ನೇ ಉರಿಸಿ, ಅದು ಕಡಿಮೆಯಾದಂತೆ ಮಾನಾಕ್ಸೈಡನ್ನು ಹೆಚ್ಚು ಹೆಚ್ಚಾಗಿ ಉಗುಳುತ್ತದೆ, ಒಳಗಿರುವವರು ಚಿಲಕ ಹಾಕಿಕೊಂಡಿರುತ್ತಾರೆ. ಗೀಸರನ್ನೂ ಸಿಲಿಂಡರನ್ನೂ ಸ್ನಾನದ ಮನೆಯ ಹೊರಗೆ, ಗಾಳಿಯಾಡುವ ಕಡೆ ಇಟ್ಟು, ಬಿಸಿನೀರಿನ ಕೊಳವೆಯನ್ನು ಮಾತ್ರ ಒಳಗೆ ತನ್ನಿ.

ಈ ಮಾತಿನಿಂದ ಡೆಟ್ರಾಯಿಟ್ ಅವರಿಗೆ ಇನ್ನೊಂದು ಪ್ರಶ್ನೆ ಕೇಳುವುದು ಸುಲಭವಾಯಿತು. ನಿಮ್ಮ ಫರ್ನೇಸ್ ತೆರೆದ ಬೇಸ್‌ಮೆಂಟಿನಲ್ಲಿದೆಯೇ, ಕೋಣೆಯೊಳಗಿದೆಯೇ?

ಡೆಟ್ರಾಯಿಟ್‌ವಾಸಿ

ಹಿಂದಿನ ಮಾಲೀಕರು ಬೇಸ್‌ಮೆಂಟಿಗೆ ಗೋಡೆ ಎಬ್ಬಿಸಿ, ಫರ್ನೇಸ್, ಹೀಟರ್, ಬಟ್ಟೆ ಒಣಗಿಸುವ ಡ್ರೈಯರ್ ಮೂರನ್ನೂ ಒಂದು ಕೋಣೆಯೊಳಗೆ ಸೇರಿಸಿದ್ದಾರೆ. 8 ಅಡಿಗೆ 10 ಅಡಿ, ಎತ್ತರ 7 ಅಡಿ. ಬಾಗಿಲು ಗಟ್ಟಿ ಹಲಗೆಯದು, ಜಾಲರಿ ಇಲ್ಲ.

ಮಿನ್ನೆಸೋಟ ಮೆಕ್ಯಾನಿಕ್

ಹಾಗಾದರೆ ಲೆಕ್ಕ ಹಾಕಿ ನೋಡೋಣ. ಕೋಣೆಯ ಗಾಳಿಯನ್ನೇ ಬಳಸುವ ಉಪಕರಣಗಳಿಗೆ ಪ್ರತಿ 1,000 ಬಿಟಿಯುವಿಗೆ 50 ಘನ ಅಡಿ ಜಾಗ ಬೇಕೆಂಬುದು ಸಂಹಿತೆಯ ಸಾಮಾನ್ಯ ನಿಯಮ. ಹಳೆಯ ಫರ್ನೇಸ್, ಹೀಟರ್ ಸೇರಿ 1,40,000 ಬಿಟಿಯು, ಅಂದರೆ 7,000 ಘನ ಅಡಿ. ನಿಮ್ಮ ಕೋಣೆ 560. ಇಷ್ಟು ಕಾಲ ಆ ಬರ್ನರುಗಳು ಬಾಗಿಲಿನ ಸಂದಿಯಿಂದ ಬಂದಷ್ಟೇ ಗಾಳಿಯಲ್ಲಿ ಉಸಿರಾಡಿವೆ. ಹೊಸ ಫರ್ನೇಸಿಗೆ ಎರಡನೆಯ ಕೊಳವೆ ಹಾಕಿ ಹೊರಗಿನಿಂದಲೇ ಗಾಳಿ ಕೊಟ್ಟರೆ ಅದರ ಲೆಕ್ಕ ಕಳೆಯುತ್ತದೆ. ಕೇವಲ ಒಂದು ಕೊಳವೆ ಹಾಕಿ ಕೋಣೆಯ ಗಾಳಿಯನ್ನೇ ಬಳಸುವ ಆಯ್ಕೆಯೂ ಕೆಲವು ಮಾದರಿಗಳಲ್ಲಿದೆ, ನಿಮ್ಮಲ್ಲಿ ಅದು ಬೇಡವೇ ಬೇಡ. ಆದರೂ ಹೀಟರ್ ಒಂದಕ್ಕೇ 2,000 ಘನ ಅಡಿ ಬೇಕು. ಆದ್ದರಿಂದ ಗೋಡೆಗೋ ಬಾಗಿಲಿಗೋ, ಮೇಲಿನ 12 ಅಂಗುಲದೊಳಗೆ ಒಂದು, ಕೆಳಗಿನ 12 ಅಂಗುಲದೊಳಗೆ ಒಂದು ಜಾಲರಿಯ ತೆರಪು ಮಾಡಿ, ಉಳಿದ ಬೇಸ್‌ಮೆಂಟಿನ ಗಾಳಿಯನ್ನು ಕೋಣೆಗೆ ಸೇರಿಸಬೇಕು. ಒಂದೊಂದಕ್ಕೂ ಕನಿಷ್ಠ 100 ಚದರ ಅಂಗುಲ ನಿವ್ವಳ ತೆರಪಿರಬೇಕು, ಜಾಲರಿಯ ಪಟ್ಟಿಗಳು ಮರೆಮಾಡುವ ಜಾಗವನ್ನು ಕಳೆದು.

ಡ್ರೈಯರ್ ಅದೇ ಕೋಣೆಯಲ್ಲಿರುವುದು ನನಗೆ ಇಷ್ಟವಾಗಲಿಲ್ಲ. ಅದು ನಿಮಿಷಕ್ಕೆ 150ರಿಂದ 200 ಘನ ಅಡಿಯಷ್ಟು ಗಾಳಿಯನ್ನು ಹೊರಗೆ ದೂಡುತ್ತದೆ. ಬಾಗಿಲು ಮುಚ್ಚಿರುವಾಗ ಆ ಗಾಳಿ ಬರಬೇಕಾದ ದಾರಿಗಳಲ್ಲಿ ನಿಮ್ಮ ತಣ್ಣನೆಯ ಚಿಮಣಿಯೂ ಒಂದು, ಮೇಲಿನಿಂದ ಕೆಳಕ್ಕೆ.

ಡೆಟ್ರಾಯಿಟ್‌ವಾಸಿ

ಎಲ್ಲರಿಗೂ ಕೃತಜ್ಞತೆಗಳು. ನಾನು ಕೇಳಿದ ಅಪಾಯ ಒಂದು, ಸಿಕ್ಕಿದ್ದು ಬೇರೆಯೇ. ಮನೆಯವಳೂ ಈ ಚರ್ಚೆಯನ್ನೆಲ್ಲ ಓದಿ, ಬೇಸ್‌ಮೆಂಟಿಗೆ ಒಂದು ಹೊಸ ಅಲಾರಂ ತರಿಸಿದ್ದಾಳೆ. ಹಳೆಯದರ ಅವಧಿ ಮುಗಿದಿತ್ತು. ನನ್ನ ಈಗಿನ ಯೋಚನೆ ಹೀಗಿದೆ: ಶಾಖದ ಲೆಕ್ಕ, ಕೋಣೆಯ ಜಾಲರಿಗಳು, ಹಳೆಯ ಡಕ್ಟುಗಳ ಸಂದಿ ಮುಚ್ಚುವುದು, 120 ವೋಲ್ಟಿನ ಪ್ರತ್ಯೇಕ ಸರ್ಕ್ಯೂಟ್ ಎಳೆಯುವುದು, ನೀರು ಹೋಗುವ ಪೈಪು, ಇವನ್ನು ಬೇಕಾದ ಪರ್ಮಿಟ್ ತೆಗೆದುಕೊಂಡು ನಾನೇ ಮಾಡುತ್ತೇನೆ. ಡಕ್ಟಿನ ಪಟ್ಟಿಯ ಮಾದರಿಯನ್ನು ಮೊದಲು ಪರೀಕ್ಷೆಗೆ ಕಳಿಸುತ್ತೇನೆ. ಅನಿಲ, ಹೊಗೆಕೊಳವೆ, ಚಿಮಣಿಯ ಲೈನರ್ ಮತ್ತು ಮೊದಲ ಚಾಲನೆಯ ಅಳತೆಗಳನ್ನು ಲೈಸೆನ್ಸುದಾರರಿಗೆ ಬಿಡುತ್ತೇನೆ. ಹಾಗೆ ಭಾಗ ಮಾಡಿ ಕೆಲಸ ಒಪ್ಪಿಕೊಳ್ಳುವವರು ಸಿಗುತ್ತಾರೆಯೇ? ಕೊಟೇಶನ್ನಿನಲ್ಲಿ ಏನೇನು ಬರೆಸಿಕೊಳ್ಳಬೇಕು?

ಓಹಾಯೊ ಕೈಗಾರ

ಸಿಗುತ್ತಾರೆ, ಸ್ವಲ್ಪ ಹುಡುಕಬೇಕು. ದೊಡ್ಡ ಕಂಪನಿಗಳಿಗಿಂತ ಒಬ್ಬಿಬ್ಬರೇ ನಡೆಸುವವರು ಒಪ್ಪುತ್ತಾರೆ. ಯಂತ್ರವನ್ನು ಮಾತ್ರ ಅವರ ಮೂಲಕವೇ ಕೊಳ್ಳಿ. ಅಂತರ್ಜಾಲದಲ್ಲಿ ಕೊಂಡ ಯಂತ್ರಕ್ಕೆ ವಾರಂಟಿ ಕೊಡದ ತಯಾರಕರು ಹಲವರಿದ್ದಾರೆ, ಲೈಸೆನ್ಸುದಾರರೇ ಜೋಡಿಸಿರಬೇಕೆಂಬ ಷರತ್ತು ಸಣ್ಣ ಅಕ್ಷರದಲ್ಲಿ ಇರುತ್ತದೆ.

ಮಿನ್ನೆಸೋಟ ಮೆಕ್ಯಾನಿಕ್

ಪರ್ಮಿಟ್ ಅವರ ಹೆಸರಿನಲ್ಲೇ ಇರಲಿ, ಅಂತಿಮ ತಪಾಸಣೆ ಆದ ಮೇಲೆ ಕೊನೆಯ ಕಂತು ಎಂದು ಬರೆಸಿ. ಮ್ಯಾನಿಫೋಲ್ಡ್ ಒತ್ತಡ, ಒಳಬರುವ ಅನಿಲದ ಒತ್ತಡ, ತಾಪದ ಏರಿಕೆ, ಸ್ಟ್ಯಾಟಿಕ್ ಒತ್ತಡ, ಹೊಗೆಯ ಮಾನಾಕ್ಸೈಡ್, ಈ ಐದು ಅಂಕಿಗಳನ್ನು ಯಂತ್ರದ ಬಾಗಿಲ ಒಳಬದಿಯಲ್ಲಿ ಬರೆದು ಅಂಟಿಸಿಕೊಡಬೇಕೆಂದೂ ಸೇರಿಸಿ. ಈ ಸಾಲನ್ನು ಓದಿ ಮುಖ ಗಂಟಿಕ್ಕುವವರನ್ನು ಅಲ್ಲಿಯೇ ಬಿಟ್ಟುಬಿಡಿ. ಲೈನರಿನ ಅಳತೆಯನ್ನು ಹೀಟರಿನ ಬಿಟಿಯು, ಚಿಮಣಿಯ ಎತ್ತರ ಮತ್ತು ಹೀಟರಿನಿಂದ ಚಿಮಣಿಯವರೆಗಿನ ಅಡ್ಡ ಕೊಳವೆಯ ಉದ್ದ ನೋಡಿ ಕೋಷ್ಟಕದಿಂದ ತೆಗೆಯಬೇಕು. ಆ ಅಳತೆಯೂ ಕೊಟೇಶನ್ನಿನಲ್ಲಿ ಇರಲಿ.

ಎಲ್ಲ ಮುಗಿದ ಮೇಲೆ, ಅವರು ಹೊರಡುವ ಮುನ್ನ, ಹೀಟರಿನ ಪರೀಕ್ಷೆಯೊಂದನ್ನು ಅವರೊಡನೆ ನಿಂತು ಮಾಡಿಸಿ. ಮನೆಯ ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿ, ಡ್ರೈಯರ್, ಅಡುಗೆಮನೆಯ ಮತ್ತು ಸ್ನಾನದ ಮನೆಯ ಎಕ್ಸಾಸ್ಟ್ ಫ್ಯಾನುಗಳು, ಹೊಸ ಫರ್ನೇಸಿನ ಬ್ಲೋವರ್ ಎಲ್ಲವನ್ನೂ ಒಟ್ಟಿಗೆ ಹಾಕಿ, ಹೀಟರನ್ನು ಹೊತ್ತಿಸಿ 5 ನಿಮಿಷ ಉರಿಯಲು ಬಿಡಿ. ಆಮೇಲೆ ಡ್ರಾಫ್ಟ್ ಹುಡ್‌ನ ಅಂಚಿನಲ್ಲಿ ಊದುಬತ್ತಿ ಹಿಡಿದು ಸುತ್ತಲೂ ಒಯ್ಯಿರಿ. ಊದುಬತ್ತಿಯ ಹೊಗೆಯನ್ನು ಹುಡ್ ಒಳಕ್ಕೆ ಎಳೆದುಕೊಳ್ಳಬೇಕು. ಎಲ್ಲಿಯಾದರೂ ನಿಮ್ಮ ಕಡೆಗೆ ತಿರುಗಿದರೆ ಹೀಟರನ್ನು ಆರಿಸಿಸಿ, ಅದನ್ನು ಸರಿಪಡಿಸುವವರೆಗೆ ಕೊನೆಯ ಕಂತನ್ನು ಕೊಡಬೇಡಿ.